ಆರು ವರ್ಷ ದೂರದ ಊರು

ಜೂನ್ 8, 2003. ಕೇಟಿ

ಶ್ರೀಹರಿಯ ಪಾದಗಳಿಗೆ ವಂದಿಸಿ, ನಾಲಗೆಯನ್ನು ಕಾಯುವ ವಾಗ್ದೇವತೆಗೆ ತಲೆಬಾಗಿ, ಮರಳಿನ ಮೇಲೆ ನನ್ನ ಕೈಹಿಡಿದು ಅಕ್ಷರ ತಿದ್ದಿಸಿದ ತೀರ್ಥರೂಪರನ್ನು ನೆನೆದು ಈ ಪುಸ್ತಕವನ್ನು ಆರಂಭಿಸುತ್ತೇನೆ. ಸ್ವಸ್ತಿ. ಸ್ವಭಾನು ಸಂವತ್ಸರ, ಉತ್ತರಾಯಣ, ಗ್ರೀಷ್ಮ ಋತು, ಜ್ಯೇಷ್ಠ ಶುದ್ಧ ನವಮಿ, ಭಾನುವಾರ. ಕಾಲವನ್ನು ಹೇಳಿದ ಮೇಲೆ ದೇಶವನ್ನೂ ಹೇಳಬೇಕಾದುದು ವಿಧಿ. ಆದರೆ ದೇಶದ ವಿಷಯದಲ್ಲಿಯೇ ವಿವಾದವಿರುವುದರಿಂದ, ಹ್ಯೂಸ್ಟನ್ ಪಟ್ಟಣದ ಪಶ್ಚಿಮಕ್ಕೆ ಕೇಟಿ ಎಂಬ ಊರಿನಲ್ಲಿ ನನ್ನ ಮಗಳು ಅನುಸೂಯೆಯ ಮನೆ ಎಂದಷ್ಟೇ ಬರೆಯುತ್ತೇನೆ.

ಪ್ರಾತಃಕಾಲ ಡಲ್ಲಾಸಿನಿಂದ ದುಷ್ಯಂತನು ದೂರವಾಣಿ ಮಾಡಿದನು. ಇವನು ನನ್ನ ಅಣ್ಣ ಭಾಸ್ಕರಾಚಾರ್ಯನ ಮಗ; ಅಣ್ಣನಿರುವುದು ಇವನೊಡನೆಯೇ. ಅಲ್ಲಿಯ ಲಾಸ್ ಕೊಲಿನಾಸ್ ಬಡಾವಣೆಯ ಒಂದು ಕಚೇರಿಯಲ್ಲಿ ಉದ್ಯೋಗ. ಮೂರು ವಾರಗಳ ಹಿಂದೆ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತಂತೆ. ಕೈಕಾಲುಗಳು ಸ್ವಲ್ಪ ಸ್ವಲ್ಪವಾಗಿ ಹಿಂದಿರುಗುತ್ತಿವೆ, ಮಾತು ಹಿಂದಿರುಗಿಲ್ಲ. ಕೇಳಿದ್ದೆಲ್ಲ ತಿಳಿಯುತ್ತದೆ; ಹೇಳಲು ಹೊರಟರೆ ಪದ ಸಿಕ್ಕುವುದಿಲ್ಲ. ಬರುವುದಾದರೆ ಮೊದಲ ಕೆಲವು ತಿಂಗಳುಗಳಲ್ಲಿಯೇ ಹೆಚ್ಚಾಗಿ ಬರುವುದೆಂದೂ, ಎಡೆಬಿಡದೆ ಮಾತನಾಡಿಸುತ್ತಿರಬೇಕೆಂದೂ ವೈದ್ಯರ ಅಭಿಪ್ರಾಯ.

"ನಾವು ಮಾತಾಡಿಸಿದ್ರೆ ಸುಮ್ನೆ ತಲೆ ಆಡಿಸ್ತಾರೆ, ಚಿಕ್ಕಪ್ಪ," ಎಂದನು ದುಷ್ಯಂತ. "ಅವರ ಲೆವೆಲ್‌ನಲ್ಲಿ ಮಾತಾಡೋರು ಇಲ್ಲಿ ಯಾರಿದ್ದಾರೆ? ನೀವೊಂದ್ಸಲ ಬಂದ್ಬಿಡಿ."

ನೋಡೋಣವೆಂದು ಹೇಳಿ ಇಟ್ಟೆನು.

ಅಣ್ಣನಿಗೂ ನನಗೂ ಆರು ವರ್ಷಗಳಿಂದ ಮಾತಿಲ್ಲ. ಆದಕಾರಣ ಅವನ ಮಾತು ಹೋದುದರಿಂದ ನನಗೆ ವ್ಯಾವಹಾರಿಕವಾದ ನಷ್ಟವೇನೂ ಇಲ್ಲ. ಇದನ್ನು ನನಗೆ ನಾನೇ ಸ್ಪಷ್ಟಪಡಿಸಿಕೊಳ್ಳುವುದಕ್ಕಾಗಿ ಈ ಪುಸ್ತಕವನ್ನು ತೆರೆದೆನೆಂದು ತೋರುತ್ತದೆ.

ವಿರಸದ ಕಾರಣವನ್ನೂ ಬರೆದಿಡುವುದು ನ್ಯಾಯ. ಯಾವ ಕರ್ಮಕ್ಕಾದರೂ ಮೊದಲು ಸಂಕಲ್ಪ. ಅದರಲ್ಲಿ ಮಾಡುವವನು ತಾನು ಯಾವ ಕಾಲದಲ್ಲಿ, ಯಾವ ನೆಲದ ಮೇಲೆ ನಿಂತಿದ್ದೇನೆಂಬುದನ್ನು ಬ್ರಹ್ಮನ ಆಯುಸ್ಸಿನಿಂದ ಮೊದಲ್ಗೊಂಡು ಆ ದಿನದ ತಿಥಿಯವರೆಗೆ, ದ್ವೀಪದಿಂದ ಮೊದಲ್ಗೊಂಡು ನದೀತೀರದವರೆಗೆ ಉಚ್ಚರಿಸಬೇಕು. ನಮ್ಮ ನಾಡಿನಲ್ಲಿ ಎಲ್ಲರೂ "ಜಂಬೂದ್ವೀಪೇ" ಎನ್ನುವರು. ಇಲ್ಲಿಯ ಪುರೋಹಿತರು, ಅಮೆರಿಕವು ಪುರಾಣದ ಸಪ್ತದ್ವೀಪಗಳಲ್ಲಿ ಬೇರೊಂದೆಂದು ಭಾವಿಸಿ, "ಕ್ರೌಂಚದ್ವೀಪೇ" ಎಂದು ರೂಢಿಸಿದ್ದಾರೆ. ನನ್ನ ಮೊಮ್ಮಗ ಇಶಾನನ ಉಪನಯನದಲ್ಲಿ, ಹೋಮಕುಂಡದ ಮುಂದೆ, ನಾನು ಪುರೋಹಿತರ ಪಕ್ಷವನ್ನು ಹಿಡಿದೆನು: ನಿಂತ ನೆಲವನ್ನು ಹೇಳದವನು ಸುಳ್ಳಿನಿಂದಲೇ ಕರ್ಮವನ್ನು ಆರಂಭಿಸುತ್ತಾನೆ. ಅಣ್ಣನು, ನಾವು ಇಲ್ಲಿ ನಿಂತವರಲ್ಲ, ಬಂದವರು ಮಾತ್ರ, ಎಂದನು. ವಾದವು ಹೊಗೆಯೊಡನೆ ಬೆಳೆಯಿತು. ವಟುವು ಎರಡು ಬಾರಿ ತೂಕಡಿಸಿದನು. ಕೊನೆಗೆ ಅಣ್ಣನು, ಇನ್ನೂರು ಜನರ ಸಮಕ್ಷಮದಲ್ಲಿ, "ನೀನು ಕ್ರೌಂಚದ್ವೀಪದವನಾದರೆ ನನಗೆ ಜಂಬೂದ್ವೀಪದಲ್ಲಿ ತಮ್ಮನಿಲ್ಲ" ಎಂದು ಎದ್ದುಹೋದನು.

ತಂದೆಯವರ ಶ್ರಾದ್ಧವೂ ಅಂದಿನಿಂದ ಇಬ್ಭಾಗವಾಯಿತು. ನಾನು ಈ ನೆಲದ ಸೂರ್ಯನನ್ನು ನೋಡಿ ತಿಥಿಯನ್ನು ಹಿಡಿಯುತ್ತೇನೆ; ಅಣ್ಣನು ಊರಿನ ಪಂಚಾಂಗವನ್ನು ಬಿಡನು. ಆಷಾಢ ಬಹುಳ ತದಿಗೆಯು ಕೆಲವು ವರ್ಷ ಇಲ್ಲಿ ಒಂದು ದಿನ ಮುಂಚೆಯೇ ಒದಗುವುದರಿಂದ ತಂದೆಯವರು ಮೊದಲ ದಿನ ಕೇಟಿಗೂ ಮರುದಿನ ಡಲ್ಲಾಸಿಗೂ ದಯಮಾಡಿಸಬೇಕಾಗುತ್ತದೆ. ಈ ವರ್ಷವೂ ಹಾಗೆಯೇ.

ಜೂನ್ 12

ಈ ದಿನ ಅಣ್ಣನ ವಿಷಯವನ್ನು ಯೋಚಿಸಲಿಲ್ಲ. ಸ್ನಾನಕ್ಕೆ ಮೊದಲು, ಊಟದ ನಡುವೆ ಮತ್ತು ಸಂಜೆ ಎರಡು ಬಾರಿ ಇದನ್ನು ಗಮನಿಸಿದೆನು.

ಜೂನ್ 21

ಶ್ರಾದ್ಧಕ್ಕೆ ಎಳ್ಳು, ದರ್ಭೆ ಮತ್ತು ಇಲ್ಲಿಯ ಲೆಕ್ಕದ ಪಂಚಾಂಗ ಬೇಕಾಗಿದ್ದುದರಿಂದ ಅನುಸೂಯೆಯೊಡನೆ ಹಿಲ್‌ಕ್ರಾಫ್ಟ್ ಬೀದಿಗೆ ಹೋದೆನು. ಅಲ್ಲಿ ಬಾಗಲಕೋಟೆಯ ಮಹಾಂತಪ್ಪನವರ ದಿನಸಿ ಅಂಗಡಿ. ಅವರು ಕಳೆದ ವಾರ ಡಲ್ಲಾಸಿಗೆ ಹೋದಾಗ ಅಣ್ಣನನ್ನು ನೋಡಿಬಂದರಂತೆ. ನಾನು ಕೇಳಲಿಲ್ಲ, ಅವರಾಗಿ ಹೇಳಿದರು.

"ಸ್ತೋತ್ರ ಶುರು ಮಾಡಿದ್ರ ಹೊಳಿ ಹರಿದಂಗ ಹೇಳ್ತಾರ್ರಿ ಆಚಾರ್ರು. ಒಂದಕ್ಷರ ತಪ್ಪಂಗಿಲ್ಲ. ಆದ್ರ ನೀರು ಬೇಕು ಅನ್ನಾಕ ಬರವಲ್ದು."

ಕಂಠಸ್ಥವಾದುದು ತಾನಾಗಿ ಹರಿಯುತ್ತದೆ, ಹುಡುಕಿ ಹೇಳಬೇಕಾದುದು ಮಾತ್ರ ಸಿಕ್ಕಿಹಾಕಿಕೊಂಡಿದೆ ಎಂದು ವೈದ್ಯರು ವಿವರಿಸಿದರಂತೆ. ನಾನು ದರ್ಭೆಯ ಕಟ್ಟನ್ನು ಪರೀಕ್ಷಿಸುತ್ತಿದ್ದೆನು. ಮಹಾಂತಪ್ಪನವರು ಪಂಚಾಂಗವನ್ನು ಚೀಲಕ್ಕೆ ಹಾಕುತ್ತ ನಕ್ಕರು. "ನೀವಿಬ್ರೂ ಮಾತಾಡ್ಕೊಂಡಿದ್ರ ಒಂದ ಪಂಚಾಂಗದಾಗ ಮುಗೀತಿತ್ತು. ನನ್ನ ವ್ಯಾಪಾರಕ್ಕ ನಿಮ್ಮ ಜಗಳಾನ ಚಲೋ ಬಿಡ್ರಿ."

ಹಿಂದಿರುಗುವಾಗ ಹೆದ್ದಾರಿಯಲ್ಲಿ ವಾಹನಗಳು ನಿಂತುಬಿಟ್ಟಿದ್ದವು. ಅನುಸೂಯೆಯು ಬಹಳ ಹೊತ್ತಿನ ಮೇಲೆ, "ಡಲ್ಲಾಸ್ ನಾಲ್ಕು ಗಂಟೆ ಅಷ್ಟೇ, ಅಪ್ಪ," ಎಂದಳು. ಈ ದೇಶದವರ ದುರಭ್ಯಾಸವು ನನ್ನ ಮಗಳಿಗೂ ಅಂಟಿದೆ. ದೂರವೆಷ್ಟೆಂದು ಕೇಳಿದರೆ ಇಲ್ಲಿ ಯಾರೂ ಮೈಲಿಯನ್ನು ಹೇಳರು, ಗಂಟೆಯನ್ನು ಹೇಳುವರು. ದೇಶವು ಒಂದು ಪದಾರ್ಥ, ಕಾಲವು ಇನ್ನೊಂದು ಪದಾರ್ಥ ಎಂಬುದನ್ನು ಅವಳಿಗೆ ಮನೆ ತಲುಪುವವರೆಗೂ ವಿವರಿಸಿದೆನು. ಅವಳು ರೇಡಿಯೋ ಹಾಕಿದಳು.

ಜೂನ್ 25

ಅನುಸೂಯೆಯ ಹಿರಿಯ ಮಗಳು ಅನಘೆಯು ಆಸ್ಟಿನ್ನಿನಿಂದ ಬಂದಿದ್ದಾಳೆ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರವನ್ನು ಓದುತ್ತಾಳೆ. ಮಾತೃಭಾಷೆಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಈ ಹುಡುಗಿಗೆ ದೊರೆತ ವಿಷಯ ಯುರೋಕ್ ಎಂಬ ಭಾಷೆ. ಕ್ಯಾಲಿಫೋರ್ನಿಯಾದ ಉತ್ತರದ ಅಂಚಿನಲ್ಲಿ, ಕ್ಲಾಮತ್ ಎಂಬ ನದಿಯು ಸಮುದ್ರವನ್ನು ಸೇರುವ ಕಡೆ ಇರುವ ಮೂಲನಿವಾಸಿಗಳ ನುಡಿ. ಬಾಲ್ಯದಿಂದ ಅದನ್ನೇ ಆಡುತ್ತ ಬಂದವರು ಈಗ ಬೆರಳೆಣಿಕೆಯಷ್ಟು, ಎಲ್ಲರೂ ಬಹಳ ವೃದ್ಧರು. ಆ ಭಾಷೆಯಲ್ಲಿ ದೂರವನ್ನೂ ದೀರ್ಘಕಾಲವನ್ನೂ ಹೇಗೆ ಹೇಳುತ್ತಾರೆಂಬುದು ಇವಳ ಪ್ರಬಂಧ.

ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಿ ಸ್ವರಗಳ ಉದ್ದವನ್ನು ಗುರುತಿಸಬೇಕಂತೆ. "ತಾತ, ಐ ನೀಡ್ ಯುವರ್ ಇಯರ್ಸ್. ನೀವು ನಿದ್ದೇಲೂ ಮಾತ್ರೆ ಕೌಂಟ್ ಮಾಡ್ತೀರಾ," ಎಂದಳು.

ಆಡುವವರು ಇಷ್ಟು ಕಡಿಮೆಯಾದ ಮೇಲೆ ಅದು ಭಾಷೆಯಲ್ಲ, ಒಂದು ಕುಟುಂಬದೊಳಗಿನ ಅಭ್ಯಾಸ. ಅದಕ್ಕೆ ಇಷ್ಟು ಶ್ರಮವೇಕೆ ಎಂದು ಕೇಳಿದೆನು. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಉತ್ತರವಿಲ್ಲದಿದ್ದಾಗ ವಿದ್ಯಾರ್ಥಿಗಳು ಹೀಗೆಯೇ ನೋಡುವುದು.

ಆದರೂ ಹೋಗಲು ಒಪ್ಪಿದೆನು. ಶ್ರಾದ್ಧಕ್ಕೆ ಎರಡು ದಿನ ಮೊದಲು ಹಿಂದಿರುಗುವುದೆಂದು ಷರತ್ತು. ಆಸ್ಟಿನ್ನು ಡಲ್ಲಾಸಿನ ಅರ್ಧದಾರಿಯೆಂದು ಅನುಸೂಯೆಯು ಯಾರೂ ಕೇಳದಿದ್ದರೂ ಹೇಳಿದಳು. ನಕ್ಷೆಯನ್ನು ನೋಡಿದೆನು. ಪೂರ್ಣವಾಗಿ ಸತ್ಯವಲ್ಲ.

ಜೂನ್ 29. ಆಸ್ಟಿನ್

ಅನಘೆಯ ಮನೆಯು ಮೂರನೆಯ ಮಹಡಿಯಲ್ಲಿ. ದೇವರನ್ನು ಪುಸ್ತಕದ ಕಪಾಟಿನಲ್ಲಿ ಇಳಿಸಿದ್ದೇನೆ. ಬಿಸಿಲು ಬಹಳ.

ಜುಲೈ 2

ಮುದ್ರಿಕೆಯಲ್ಲಿ ಮಾತನಾಡುವ ವೃದ್ಧೆಯನ್ನು ಅನಘೆಯು ಅಜ್ಜಿ ಎಂದೇ ಕರೆಯುತ್ತಾಳೆ. ನಾನೂ ಹಾಗೆಯೇ ಬರೆಯುತ್ತೇನೆ. ಆಕೆಯು ತೀರಿಕೊಂಡು ದಶಕಗಳಾದವು. ಒಬ್ಬನು ಮನೆಬಿಟ್ಟು ನದಿಯ ಮೇಲ್ಗಡೆಗೆ ಹೋದ ಕಥೆಯನ್ನು ಹೇಳುತ್ತಾಳೆ. ಒಂದಕ್ಷರವೂ ನನಗೆ ಅರ್ಥವಾಗದು, ಆದುದರಿಂದ ಕಿವಿಯು ನಿಷ್ಪಕ್ಷಪಾತವಾಗಿದೆ.

ಅವನು ಹೋದ ಸಂಗತಿಯು ಬಂದಾಗ ಅಜ್ಜಿಯು ಸ್ವರವನ್ನು ಎಳೆಯುತ್ತಾಳೆ. ತೊಡೆಯ ಮೇಲೆ ಬೆರಳಿಟ್ಟು ಎಣಿಸಿದೆನು: ಮೂರು ಮಾತ್ರೆ. ಎರಡನೆಯ ಬಾರಿ ನಾಲ್ಕು. ಅನಘೆಯ ಯಂತ್ರವು ತೋರಿದ ಅಳತೆಯೊಡನೆ ಹೋಲಿಸಿದಾಗ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಅವಳು "ದಟ್ಸ್ ಇನ್ಸೇನ್, ತಾತ," ಎಂದಳು. ಪ್ರಶಂಸೆಯೆಂದು ತಿಳಿದುಕೊಂಡೆನು. ದೂರದಲ್ಲಿರುವವನನ್ನು ಕೂಗುವಾಗ ಸ್ವರವು ಮೂರು ಮಾತ್ರೆಯಾಗುವುದೆಂದು ನಮ್ಮ ವ್ಯಾಕರಣದಲ್ಲಿಯೂ ಉಂಟು. ಈ ಅಜ್ಜಿಗೆ ಅದನ್ನು ಯಾರು ಕಲಿಸಿದರೋ ತಿಳಿಯದು.

ಈ ಜನರು ದಿಕ್ಕನ್ನು ಪೂರ್ವ ಪಶ್ಚಿಮವೆನ್ನದೆ ನದಿಯ ಮೇಲ್ಗಡೆ, ಕೆಳಗಡೆ ಎಂದು ಗುರುತಿಸುವರಂತೆ. ಅನಾಗರಿಕವೆಂದು ಹೇಳುವುದರಲ್ಲಿದ್ದೆನು. ಊರಿನಲ್ಲಿದ್ದಷ್ಟು ಕಾಲ ಪ್ರತಿದಿನ ಸಂಕಲ್ಪದಲ್ಲಿ "ಗೋದಾವರಿಯ ದಕ್ಷಿಣತೀರದಲ್ಲಿ" ಎನ್ನುತ್ತಿದ್ದವನು ನಾನು ಎಂಬುದು ನೆನಪಾಗಿ ಸುಮ್ಮನಾದೆನು.

ಜುಲೈ 5

ಒಂದು ಅಹಿತಕರ ಪ್ರಸಂಗ.

ಅಜ್ಜಿಯ ಕಥೆಯ ಎರಡು ಕಡೆ ಒಂದೇ ಬಗೆಯ ನುಡಿ ಬರುವಂತೆ ಕೇಳಿಸುತ್ತದೆ. ಒಂದು ಕಡೆ ಅನಘೆಯ ಅನುವಾದ "ಬಹುದೂರ ಹೋದನು", ಇನ್ನೊಂದು ಕಡೆ "ಬಹುಕಾಲ ಹೋಗಿದ್ದನು." ಎರಡೂ ಒಂದೇಯೋ, ತನ್ನ ಕಿವಿಯ ದೋಷವೋ ಎಂಬುದು ಅವಳ ಸಂಶಯ, ಸಿದ್ಧಾಂತವಿನ್ನೂ ಆಗಿಲ್ಲ. ನಾನು ಸಿದ್ಧಾಂತವನ್ನು ಕೊಟ್ಟೆನು: ದೇಶಕಾಲಗಳು ಭಿನ್ನಪದಾರ್ಥಗಳಾದುದರಿಂದ ವಿವೇಕವುಳ್ಳ ಯಾವ ಜನಾಂಗವೂ ಅವುಗಳನ್ನು ಬೆರೆಸಲಾರದು. ಅರ್ಧ ಗಂಟೆ ಮಾತನಾಡಿದೆನು. ಅವಳು ಬರೆದುಕೊಳ್ಳುತ್ತಿದ್ದಳು. ಬರೆಯುತ್ತಲೇ, ತಲೆಯೆತ್ತದೆ ಕೇಳಿದಳು:

"ತಾತ, ದೊಡ್ಡ ತಾತನ ಮನೆ ಇಲ್ಲಿಂದ ಎಷ್ಟು ದೂರ?"

"ಆರು ವರ್ಷ," ಎಂದುಬಿಟ್ಟೆನು.

ಅವಳ ಲೇಖನಿಯು ನಿಂತಿತು. ಅನಂತರ ಅದನ್ನೂ ಬರೆದುಕೊಂಡಳು. "ಕ್ಯಾನ್ ಐ ಯೂಸ್ ದಟ್? ಫುಟ್‌ನೋಟ್‌ನಲ್ಲಿ. ಸ್ಪೀಕರ್: ಕನ್ನಡ, ಮೇಲ್, ಸೆವೆಂಟಿಒನ್."

ನಾನು ಉದಾಹರಣೆಯಾಗಲು ಬಂದವನಲ್ಲವೆಂದು ತಿಳಿಸಿ ಎದ್ದೆನು.

ಜುಲೈ 6

ನಿನ್ನೆ ನಾಲಗೆ ತಪ್ಪಿದುದು ಬಿಸಿಲಿನ ಕಾರಣದಿಂದ. ಈ ದಿನ ಮಜ್ಜಿಗೆಯನ್ನು ಹೆಚ್ಚಾಗಿ ಸೇವಿಸಿದೆನು.

ಜುಲೈ 10

ಎರಡನೆಯ ಮುದ್ರಿಕೆಯನ್ನು ಕೇಳಿದೆವು. ಮೊದಲನೆಯದರ ಮೂರು ವರ್ಷಗಳ ತರುವಾಯದ್ದು. ಅದೇ ಅಜ್ಜಿ, ಅದೇ ಕಥೆ. ಆದರೆ ಪ್ರತಿ ವಾಕ್ಯದ ಕೊನೆಯಲ್ಲಿ ಒಂದು ಮೌನ. ಯಂತ್ರದ ದೋಷವಿರಬಹುದೆಂದೆನು. ಅಲ್ಲವೆಂದು ಅನಘೆಯು ಮೊದಲ ಮುದ್ರಿಕೆಯನ್ನು ಮತ್ತೆ ಕೇಳಿಸಿದಳು. ಅದರಲ್ಲಿ ಹಿನ್ನೆಲೆಯಲ್ಲಿ ಇನ್ನೊಬ್ಬ ವೃದ್ಧೆಯು ಇದ್ದಾಳೆ. ಪ್ರತಿ ವಾಕ್ಯಕ್ಕೂ ಹೂಂಗುಡುತ್ತಾಳೆ, ಒಮ್ಮೊಮ್ಮೆ ಮಧ್ಯೆ ಬಾಯಿ ಹಾಕಿ ತಿದ್ದುತ್ತಾಳೆ. ಅಜ್ಜಿಗೆ ಸಿಟ್ಟು ಬರುತ್ತದೆ, ಇಬ್ಬರೂ ಏನೋ ಜಗಳವಾಡುತ್ತಾರೆ, ಕಥೆಯು ಮುಂದುವರಿಯುತ್ತದೆ. ಆಕೆಯು ಅಜ್ಜಿಯ ತಂಗಿಯಂತೆ. ಎರಡನೆಯ ಮುದ್ರಿಕೆಯ ಹೊತ್ತಿಗೆ ಬದುಕಿರಲಿಲ್ಲ.

"ಶಿ ಈಸ್ ವೇಟಿಂಗ್ ಫಾರ್ ಹರ್ ಟು ಸೇ ಹೂಂ," ಎಂದಳು ಅನಘೆ.

ಅಳೆದೆನು. ಪ್ರತಿಯೊಂದು ಮೌನವೂ ಸುಮಾರು ಐದು ಮಾತ್ರೆ. ತಿದ್ದಬೇಕಾಗಿದ್ದ ಜಾಗದಲ್ಲಿ ಹನ್ನೆರಡು. ಇದು ಅವಳ ಪ್ರಬಂಧಕ್ಕೆ ಸಂಬಂಧಿಸಿದ ವಿಷಯವಲ್ಲ; ಆದರೂ ಬರೆದುಕೊಡಬೇಕಾಯಿತು.

ಊಟ ಸೇರಲಿಲ್ಲ. ಮಜ್ಜಿಗೆಯು ಅತಿಯಾಯಿತೆಂದು ತೋರುತ್ತದೆ.

ಜುಲೈ 14

ನಿನ್ನೆಯೇ ಕೇಟಿಗೆ ಹೊರಡಬೇಕಾಗಿತ್ತು. ಅಜ್ಜಿಯ ಕೊನೆಯ ಭಾಗವು ಉಳಿದಿದ್ದುದರಿಂದ ಒಂದು ದಿನ ತಡೆದೆವು. ಈ ದಿನ ಅನುಸೂಯೆಯ ದೂರವಾಣಿ ಬಂದಿತು: ಕೊಲ್ಲಿಯಿಂದ ಚಂಡಮಾರುತವು ಏರಿಬರುತ್ತಿದೆ, ನಾಳೆ ದಡವನ್ನು ಮುಟ್ಟುತ್ತದೆ, ಪುರೋಹಿತರು ಬರುವುದಿಲ್ಲವೆಂದಿದ್ದಾರೆ, ಅಡಿಗೆಯವರೂ ಬರುವುದಿಲ್ಲ, ನೀವು ಹೊರಡಬೇಡಿ.

ನಾಳೆ ಮಂಗಳವಾರ, ನನ್ನ ಲೆಕ್ಕದ ತದಿಗೆ. ಬುಧವಾರ ಅಣ್ಣನ ಲೆಕ್ಕದ್ದು. ದುಷ್ಯಂತನು ಎರಡು ಬಾರಿ ಕೇಳಿದ್ದಾನೆ: ಮಂತ್ರ ಹೇಳಿಸಲು ಯಾರೂ ಇಲ್ಲ, ಅಪ್ಪ ಕರ್ತೃವಾಗಿ ಕುಳಿತರೂ ಬಾಯಾಗುವವರು ಬೇಕು.

"ಸೌತ್‌ಗೆ ಹೋಗೋಕಾಗಲ್ಲ ತಾತ," ಎಂದಳು ಅನಘೆ. "ನಾರ್ತ್ ಖಾಲಿ ಇದೆ."

ವರುಣನ ಇಚ್ಛೆಯನ್ನು ಮೀರುವುದು ಆಸ್ತಿಕರಿಗೆ ಉಚಿತವಲ್ಲ. ಆ ಕಾರಣಕ್ಕಾಗಿ ಮಾತ್ರ ಒಪ್ಪಿದೆನು. ಅವಳು ನನ್ನ ಚೀಲವನ್ನು ಮೊದಲೇ ಕಾರಿನಲ್ಲಿ ಇಟ್ಟಿದ್ದಳು.

ಜುಲೈ 15. ಡಲ್ಲಾಸಿನ ಪಕ್ಕದ ಅರ್ವಿಂಗ್, ಅಣ್ಣನ ಮನೆ

ನನ್ನ ತಿಥಿಯನ್ನು ಬಿಡುವಂತಿರಲಿಲ್ಲ. ವೇಕೋ ಎಂಬ ಊರಿಗೆ ಮುಂಚೆ, ಹೆದ್ದಾರಿಯ ಪಕ್ಕದ ವಿಶ್ರಾಂತಿಸ್ಥಳದಲ್ಲಿ, ಕಾಂಕ್ರೀಟಿನ ಮೇಜಿನ ಬಳಿ ದಕ್ಷಿಣಾಭಿಮುಖವಾಗಿ ಕುಳಿತು ತಿಲತರ್ಪಣವನ್ನು ಮಾಡಿದೆನು. ಅನಘೆಯು ಪ್ಲಾಸ್ಟಿಕ್ ಸೀಸೆಯಿಂದ ನೀರು ಬಿಟ್ಟಳು; ಆಪತ್ಕಾಲದಲ್ಲಿ ಕ್ಷಮ್ಯ. ಲಾರಿಯ ಚಾಲಕನೊಬ್ಬನು ಹತ್ತಿರ ಬಂದು, ಮುದುಕರಿಗೆ ಏನಾದರೂ ಸಹಾಯ ಬೇಕೇ ಎಂದು ವಿಚಾರಿಸಿದನು. ತಾತನು ತಮ್ಮ ತಂದೆಯನ್ನು ನೆನೆಯುತ್ತಿದ್ದಾರೆಂದು ಅನಘೆಯು ಹೇಳಲು, ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದು, ಮುಗಿಯುವವರೆಗೂ ಬಿಸಿಲಿನಲ್ಲಿ ನಿಂತಿದ್ದನು. ಯಾವ ದ್ವೀಪದವನೋ ಕೇಳಲಿಲ್ಲ.

ಸಂಜೆ ತಲುಪಿದೆವು. ಅಣ್ಣನು ಕಿಟಕಿಯ ಬಳಿಯ ಕುರ್ಚಿಯಲ್ಲಿದ್ದನು. ಎಪ್ಪತ್ತೇಳು ವರ್ಷದವನು ತೊಂಬತ್ತರವನಂತೆ ಕಂಡನು. ಸಾಷ್ಟಾಂಗವೆರಗಿದೆನು. ಅವನ ಎಡಗೈಯು ನನ್ನ ತಲೆಯ ಮೇಲೆ ಬಂದು ಎರಡು ಬಾರಿ ಆಡಿತು. ಆಶೀರ್ವಾದವೋ, ದಾರಿಯ ಧೂಳನ್ನು ಕೊಡವಿದುದೋ ನಿರ್ಣಯಿಸಲಾಗಲಿಲ್ಲ. ಬಾಯಿ ತೆರೆದನು, ತುಟಿಗಳು ಬಹಳ ಹೊತ್ತು ಏನನ್ನೋ ಹುಡುಕಿದವು, ಮುಚ್ಚಿದನು. ನಾನೂ ಏನನ್ನೂ ಹೇಳಲಿಲ್ಲ. ಹೀಗೆ ಆರು ವರ್ಷಗಳ ಪದ್ಧತಿಗೆ ಭಂಗ ಬರಲಿಲ್ಲ.

ಆಮೇಲೆ ಯೋಚಿಸಿ ಒಂದು ನಿಶ್ಚಯಕ್ಕೆ ಬಂದೆನು. ನಾಳೆಯ ಸಂಕಲ್ಪದಲ್ಲಿ ಅವನ ಬಾಯಾಗಿ ಹೇಳುವವನು ನಾನಾದುದರಿಂದ "ಜಂಬೂದ್ವೀಪೇ" ಎಂದೇ ಹೇಳುತ್ತೇನೆ. ಇದು ಸೋಲಲ್ಲ, ದಾನ. ನಲವತ್ತು ಪುಟಗಳಲ್ಲಿ ಕ್ರೌಂಚಪಕ್ಷವನ್ನು ಸಾಧಿಸಿ ಬರೆದಿಟ್ಟು ಅವನಿಗೆ ಕಳುಹಿಸದೆ ಉಳಿಸಿಕೊಂಡಿರುವವನು ಇಂಥ ದಾನವನ್ನು ಮಾಡುವುದು ಸಣ್ಣ ವಿಷಯವಲ್ಲವೆಂದು ಯಾರಾದರೂ ಹೇಳಬೇಕಾಗಿದೆ. ಹೇಳುವವರಿಲ್ಲದುದರಿಂದ ಇಲ್ಲಿ ಬರೆದಿದ್ದೇನೆ.

ಜುಲೈ 16

ನಡೆದುದನ್ನು ನಡೆದಂತೆಯೇ ಬರೆಯುತ್ತೇನೆ.

ಬ್ರಾಹ್ಮಣಾರ್ಥಕ್ಕೆ ಇಬ್ಬರು ತರುಣರು ಬಂದಿದ್ದರು, ದುಷ್ಯಂತನ ಸಹೋದ್ಯೋಗಿಗಳು. ಉತ್ತರೀಯದ ಮೇಲೆ ಕಚೇರಿಯ ಗುರುತಿನ ಬಿಲ್ಲೆಗಳು ತೂಗುತ್ತಿದ್ದವು. ಎರಡು ಗಂಟೆಗೆ ಮೀಟಿಂಗ್ ಇದೆಯೆಂದೂ ಅಷ್ಟರೊಳಗೆ ಪಿತೃಗಳು ತೃಪ್ತರಾದರೆ ಉಪಕಾರವೆಂದೂ ವಿನಯದಿಂದ ತಿಳಿಸಿದರು. ಹನ್ನೆರಡಕ್ಕೆ ಆರಂಭಿಸಿದೆವು. ಅಣ್ಣನನ್ನು ಮಣೆಯ ಬದಲು ಕುರ್ಚಿಯಲ್ಲಿಯೇ ಕುಳ್ಳಿರಿಸಿ ಬೆರಳಿಗೆ ಪವಿತ್ರವನ್ನು ತೊಡಿಸಿದೆನು.

ಕಾಲವನ್ನು ಹೇಳಿದೆನು. ಕಲ್ಪ, ಮನ್ವಂತರ, ಕಲಿಯುಗ, ಪ್ರಥಮಪಾದ. ಅಣ್ಣನ ತುಟಿಗಳು ನನ್ನೊಡನೆ ಆಡತೊಡಗಿದವು. ಧ್ವನಿಯೂ ಹೊರಟಿತು, ಕ್ಷೀಣವಾಗಿ, ಆದರೆ ಸ್ಫುಟವಾಗಿ. ಮಹಾಂತಪ್ಪನವರು ಹೇಳಿದ್ದು ನಿಜ. ಹೊಳೆಯಂತೆಯೇ ಹರಿಯಿತು. ಅಲ್ಲಿಂದ ದೇಶಕ್ಕೆ ಬಂದು, ಒಂದು ಕ್ಷಣ ತಡೆದು, ಎಲ್ಲರಿಗೂ ಕೇಳುವಂತೆ "ಜಂಬೂದ್ವೀಪೇ" ಎಂದೆನು.

ಅದೇ ಕ್ಷಣದಲ್ಲಿ ಅಣ್ಣನ ಬಾಯಿಂದ, ಎಲ್ಲಿಯೂ ಎಡವದೆ, "ಕ್ರೌಂಚದ್ವೀಪೇ ರಮಣಕವರ್ಷೇ ಐಂದ್ರಖಂಡೇ" ಎಂದು ಬಂದಿತು.

ಇಬ್ಬರೂ ನಿಲ್ಲಿಸಿದೆವು. ಕಂಠಸ್ಥವಾದುದಲ್ಲದೆ ಬೇರೊಂದು ಮಾತೂ ಹೊರಡದ ಬಾಯಿ ಅದು. ಒಂದು ದಿನದಲ್ಲಿ ಕಂಠಸ್ಥವಾಗುವ ಪಾಠವೂ ಇದಲ್ಲ.

ಅಡಿಗೆಮನೆಯ ಬಾಗಿಲಲ್ಲಿ ದುಷ್ಯಂತನ ಹೆಂಡತಿ ಕೃಷ್ಣವೇಣಿಯು ಸೌಟು ಹಿಡಿದು ನಿಂತಿದ್ದಳು. "ಮಾವ ದಿನಾ ಹಾಗೇ ಹೇಳೋದು," ಎಂದಳು, ಅದರಲ್ಲೇನು ವಿಶೇಷವೆಂಬಂತೆ. "ಇಶಾನ್ ಮುಂಜಿ ಮುಗಿಸ್ಕೊಂಡು ಬಂದ್ರಲ್ಲ, ಆ ವಾರದಿಂದ."

ಆ ವಾರದಿಂದ!

ಆಗ ನನಗೆ ಉಂಟಾದುದು ಸಂತೋಷವೆಂದು ಬರೆದರೆ ಅಸತ್ಯವಾಗುತ್ತದೆ. ವಾದದಲ್ಲಿ ಗೆದ್ದು ಆರು ವರ್ಷವಾಗಿತ್ತು, ಗೆದ್ದವನಿಗೆ ತಿಳಿಸಿರಲಿಲ್ಲ. ಹಾಗಾದರೆ ಅವನು ಇಷ್ಟು ಕಾಲ ಮೌನದಿಂದಿದ್ದುದು ಯಾವ ಪಕ್ಷವನ್ನು ಸಮರ್ಥಿಸುವುದಕ್ಕಾಗಿ? ನಾನು ಇದ್ದುದು ಯಾರ ವಿರುದ್ಧ? ಇದಲ್ಲದೆ, ಅಷ್ಟು ಕಷ್ಟಪಟ್ಟು ಮಾಡಿದ ನನ್ನ ದಾನವು ಪಾತ್ರವಿಲ್ಲದೆ ನೆಲಕ್ಕೆ ಬಿದ್ದಿತು. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

"ಜಂಬೂದ್ವೀಪ, ಅಣ್ಣ. ನೀನು ಹೇಳಿದ್ದೇ ಸರಿ," ಎಂದೆನು.

ಅವನು ನನ್ನನ್ನು ನೋಡಿದನು. ಹೊಳೆಯು ನಿಂತು, ಈಗ ಹುಡುಕಬೇಕಾದ ಮಾತು ಬೇಕಾಗಿತ್ತು. ತುಟಿಗಳು ಹೊಸದಾಗಿ ನಡೆಯಲು ಕಲಿಯುವವರ ಪಾದಗಳಂತೆ ಎಡವಿದವು.

"ಇ... ಇಲ್ಲ," ಎಂದನು.

ಎಂಟು ವಾರಗಳಲ್ಲಿ ಅವನು ತಾನಾಗಿ ಆರಿಸಿ ಆಡಿದ ಮೊದಲ ಮಾತು ಇದೆಂದು ದುಷ್ಯಂತನು ಆಮೇಲೆ ಹೇಳಿದನು. ಆಗ ದುಷ್ಯಂತನು ಗೋಡೆಯನ್ನು ಹಿಡಿದು ನಿಂತಿದ್ದನು. ನನಗೆ ಅದು ಲಕ್ಷ್ಯಕ್ಕೆ ಬರಲಿಲ್ಲ; ವಾದದ ನಡುವೆ ಎದುರಾಳಿಯನ್ನಲ್ಲದೆ ಬೇರೆ ಕಡೆ ನೋಡುವ ಅಭ್ಯಾಸವಿಲ್ಲ.

"ಜಂಬೂ," ಎಂದೆನು.

"ಇಲ್ಲ." ಈ ಬಾರಿ ಸ್ಪಷ್ಟವಾಗಿ, ಎಡಗೈಯಿಂದ ಕುರ್ಚಿಯನ್ನು ಕುಟ್ಟಿ.

ಪಿತೃಸ್ಥಾನದಲ್ಲಿ ಕುಳಿತಿದ್ದ ತರುಣನು ಗಡಿಯಾರವನ್ನು ನೋಡಿ ಕೆಮ್ಮಿದನು. ನಮ್ಮ ತಂದೆಯವರೂ ನಮ್ಮ ಜಗಳದ ನಡುವೆ ಸರಿಯಾಗಿ ಹೀಗೆಯೇ ಕೆಮ್ಮುತ್ತಿದ್ದರು. ಕಿರಿಯವನು ಒಪ್ಪಿಕೊಳ್ಳಬೇಕಾದುದು ಧರ್ಮ. ಹೀಗೆ ನಾನು ಅಣ್ಣನಿಂದ ಪರಾಜಿತನಾಗಿ ನನ್ನದೇ ಮತವನ್ನು ಸ್ವೀಕರಿಸಬೇಕಾಯಿತು. ಕ್ರೌಂಚದ್ವೀಪದಲ್ಲಿ, ಜಂಬೂದ್ವೀಪದ ತಿಥಿಯಲ್ಲಿ, ತಂದೆಯವರ ಶ್ರಾದ್ಧವು ನೆರವೇರಿತು. ಭೋಕ್ತೃಗಳು ಒಂದೂವರೆಗೆ ತೃಪ್ತಾಃ ಸ್ಮ ಎಂದು ಎದ್ದರು.

ಜುಲೈ 17

ಮಾತನ್ನು ಕಲಿಸುವ ಅಮೆರಿಕನ್ ಹೆಂಗಸು ಬಂದಿದ್ದಳು. ನಿನ್ನೆಯ ವಾರ್ತೆಯನ್ನು ಕೇಳಿ ಬಹಳ ಆಶ್ಚರ್ಯಪಟ್ಟು, ವಾಗ್ವಾದವು ಯಾವ ವಿಷಯದಲ್ಲಿ ನಡೆಯಿತೆಂದು ವಿಚಾರಿಸಿದಳು. ದುಷ್ಯಂತನು ಬಹಳ ಯೋಚಿಸಿ, "ಜಿಯಾಗ್ರಫಿ," ಎಂದನು. ಅವಳು ಬರೆದುಕೊಂಡಳು. ದಿನಕ್ಕೆ ಎರಡು ಬಾರಿ, ಅರ್ಧರ್ಧ ಗಂಟೆ, ಇದೇ ವಿಷಯದಲ್ಲಿ ತಮ್ಮನು ಅಣ್ಣನನ್ನು ವಿರೋಧಿಸತಕ್ಕದ್ದೆಂದು ವಿಧಿಸಿ ಹೋದಳು.

ಭೂಗೋಳವು ತೀರ್ಮಾನವಾಗಿಬಿಟ್ಟಿದೆ. ಆದರೆ ದೇಶವನ್ನು ಬಿಟ್ಟುಕೊಟ್ಟ ಅಣ್ಣನು ಕಾಲವನ್ನು ಬಿಟ್ಟಿಲ್ಲವೆಂಬುದು ಶಾಸ್ತ್ರದೃಷ್ಟಿಯಿಂದ ಅಕ್ಷಮ್ಯವಾದ ಅಸಂಗತಿ. ಕ್ರೌಂಚದ್ವೀಪದಲ್ಲಿ ನಿಂತವನಿಗೆ ಊರಿನ ಪಂಚಾಂಗವೆಲ್ಲಿಯದು? ಸಂಜೆ ಇದರಿಂದಲೇ ಆರಂಭಿಸಿದೆನು.

ಜುಲೈ 19

"ಅಲ್ಲಿ." "ಇಲ್ಲ." "ಅಪ್ಪ." "ನಿನ್ನೆ ಅಲ್ಲ." ಅಣ್ಣನ ಮಾತುಗಳು ಒಟ್ಟು ನಾಲ್ಕು. ಪಂಚಾಂಗದ ವಿಷಯದಲ್ಲಿ ನಾನು ಮಂಡಿಸಿದ ವಾದಕ್ಕೆಲ್ಲ ಇವುಗಳಿಂದಲೇ ಉತ್ತರ ಕೊಡುತ್ತಿದ್ದಾನೆ. ಎರಡು ಕಡೆ ನನ್ನಲ್ಲಿ ಸಮಾಧಾನವಿಲ್ಲ.

ಅನಘೆಯು ಆಸ್ಟಿನ್ನಿಗೆ ಹಿಂದಿರುಗಿದಳು. ಹೊರಡುವಾಗ, ಅಡಿಟಿಪ್ಪಣಿಯ ವಿಷಯವೇನಾಯಿತೆಂದು ನಾನಾಗಿಯೇ ಕೇಳಿದೆನು. ಸೇರಿಸಬಹುದು, ಆದರೆ ವಕ್ತೃವಿನ ಹೆಸರನ್ನು ಪೂರ್ಣವಾಗಿ ಬರೆಯತಕ್ಕದ್ದೆಂದು ಹೇಳಿದೆನು.

ಜುಲೈ 24

ಏಕಾದಶಿ. ಇಬ್ಬರಿಗೂ ಉಪವಾಸ, ವಾದಕ್ಕೆ ಉಪವಾಸವಿಲ್ಲ.

ಅನುಸೂಯೆಯು ದೂರವಾಣಿಯಲ್ಲಿ, ಯಾವಾಗ ಬರುತ್ತೀರಿ, ಕರೆದುಕೊಂಡು ಹೋಗಲು ಶನಿವಾರ ಡ್ರೈವ್ ಮಾಡಿಕೊಂಡು ಬರಲೇ ಎಂದು ಕೇಳಿದಳು. ಪ್ರಬಲವಾದ ಪೂರ್ವಪಕ್ಷವು ಎದ್ದಿರುವಾಗ ಅರ್ಧದಲ್ಲಿ ಎದ್ದುಬರುವುದು ಶಿಷ್ಟರ ಲಕ್ಷಣವಲ್ಲವೆಂದು ತಿಳಿಸಿ, ನನ್ನ ಚಳಿಗಾಲದ ಶಾಲು ಮತ್ತು ಪುಸ್ತಕಗಳ ಎರಡು ಪೆಟ್ಟಿಗೆಗಳನ್ನು ಕಳುಹಿಸಲು ಹೇಳಿದೆನು. ಅವಳು ಚಳಿಗಾಲದ್ದೇ ಎಂದು ಕೇಳಿದಳು. ಪ್ರಶ್ನೆಯು ದುರೂಹವಾದುದು, ಕಾಲಾವಕಾಶ ಬೇಕಾಗುತ್ತದೆ, ಎಂದೆನು.

ಮಧ್ಯಾಹ್ನ, ಈ ನೆಲದ ಸೂರ್ಯನು ಬೇರೆಯಾಗಿ ಉದಯಿಸುವುದರಿಂದ ಈ ನೆಲದ ತಿಥಿಯೂ ಬೇರೆಯೆಂಬ ನನ್ನ ಮುಖ್ಯವಾದ ಹೇತುವನ್ನು ಮಂಡಿಸಿದೆನು. ಅಣ್ಣನು ಕಣ್ಣುಮುಚ್ಚಿ ಕೇಳಿದನು. ಬಹಳ ಹೊತ್ತಾಯಿತು. ನಾನು ಎಣಿಸುತ್ತಿದ್ದೆನು, ಮೂವತ್ತು ಮಾತ್ರೆಗಳವರೆಗೆ ಎಣಿಸಿ ಬಿಟ್ಟುಬಿಟ್ಟೆನು. ಆಮೇಲೆ ಅವನು ಒಂದೊಂದೇ ಪದವನ್ನು ತಳದಿಂದ ಎತ್ತಿಕೊಂಡು ಬಂದಂತೆ ತಂದು ನನ್ನ ಮುಂದೆ ಇಟ್ಟನು.

"ಸೂರ್ಯ... ಒಬ್ಬನೇ... ಕಣೋ... ಮೂಢ."

ಸಂಪೂರ್ಣವಾದ ವಾಕ್ಯ. ಕರ್ತೃವಿದೆ, ವಿಧೇಯವಿದೆ, ಸಂಬೋಧನೆಯಿದೆ. ಕೃಷ್ಣವೇಣಿಯು ಒಳಗಿನಿಂದ ಓಡಿಬಂದು ಅತ್ತಳು. ನನ್ನ ಕನ್ನಡಕದಲ್ಲಿಯೂ ಏನೋ ಮಂಜು. ಈ ಮನೆಯಲ್ಲಿ ಹವಾನಿಯಂತ್ರಣವು ಅತಿಯಾಗಿದೆ. ಹೇತುವು ದುರ್ಬಲವೆಂದು ಅವನಿಗೆ ಕೂಡಲೇ ತೋರಿಸಿಕೊಟ್ಟೆನು. ಅವನು ಮುಂದಿನ ಉತ್ತರಕ್ಕಾಗಿ ಮತ್ತೆ ಕಣ್ಣುಮುಚ್ಚಿದ್ದಾನೆ. ನಾನು ಎದುರಿಗೆ ಕುಳಿತು ಇದನ್ನು ಬರೆಯುತ್ತಿದ್ದೇನೆ.

ನದಿಯ ಮೇಲ್ಗಡೆಗೆ ಹೋದವನನ್ನು ಕುರಿತು ಹೇಳಿದ ಅಜ್ಜಿಗೂ, ಅವಳನ್ನು ತಿದ್ದುತ್ತಿದ್ದ ತಂಗಿಗೂ ಸದ್ಗತಿಯಾಗಲಿ. ಅವರ ನುಡಿಯನ್ನು ಇಂದೂ ಆಡುವವರ ನಾಲಗೆ ಬಹುಕಾಲ ಹಸಿಯಾಗಿರಲಿ. ಅನಘೆಯ ಪ್ರಬಂಧವು ಸಿದ್ಧಿಸಲಿ. ಬಿಸಿಲಿನಲ್ಲಿ ಟೋಪಿ ತೆಗೆದು ನಿಂತ ಚಾಲಕನಿಗೆ ದಾರಿಯು ಸುಗಮವಾಗಲಿ. ಎರಡು ಗಂಟೆಯ ಮೀಟಿಂಗಿಗೆ ಹೋದ ಇಬ್ಬರು ತರುಣರಿಗೆ ಶ್ರೇಯಸ್ಸಾಗಲಿ. ಎರಡು ಪಂಚಾಂಗಗಳನ್ನು ಮಾರುವ ಮಹಾಂತಪ್ಪನವರ ವ್ಯಾಪಾರವು ಕುಂದದಿರಲಿ. ಈ ಮನೆಗೂ ಕೇಟಿಯ ಮನೆಗೂ ಮಂಗಳವಾಗಲಿ. ಜಂಬೂ ಮೊದಲಾದ ಸಪ್ತದ್ವೀಪಗಳಲ್ಲಿ ಜೊತೆಗೆ ಜಗಳವಾಡಲು ಒಬ್ಬರಿಲ್ಲದವರು ಯಾರೂ ಇಲ್ಲದಿರಲಿ. ಶ್ರೀಹರಿಯು ಅಣ್ಣನಿಗೆ ನೂರು ವರ್ಷ ಆಯುಸ್ಸನ್ನೂ, ನನ್ನನ್ನು ಖಂಡಿಸಲು ಬೇಕಾದಷ್ಟು ಮಾತುಗಳನ್ನೂ ಅನುಗ್ರಹಿಸಲಿ.